ಗಣಿಯ ನೆರೆಯ ನೀರು: ಜಲಪರಿವೀಕ್ಷಣೆಯ ಬೆಳವಣಿಗೆಯ ಒಂದು ಸಮೀಕ್ಷೆ

ದಖನ್ನಿನ ಸಂಸಾರಗಳಿಗೆ ಬೇಕಾದ ಹಿತ್ತಾಳೆ ತಾಮ್ರಗಳ ಪಾತ್ರೆ, ಹಗ್ಗ, ರಾಟೆ, ಡಬ್ಬಿಗಳೆಲ್ಲವೂ ಸಗಟಿನಲ್ಲಿ ದೊರೆಯುವ ಹೈದರಾಬಾದಿನ ಬೇಗಂ ಬಜಾರಿನಲ್ಲಿ, ನಾನು ಬಹುಕಾಲದಿಂದ ನೆಲಸಿರುವ ಈ ಪೇಟೆಯಲ್ಲಿ, ಈಚೆಗೆ ಹೊಸ ಸರಕೊಂದು ಸೇರಿಕೊಂಡಿದೆ. ಲೇಖನಿಯಷ್ಟೇ ಗಾತ್ರದ, ನೀರಿನಲ್ಲಿ ಅದ್ದಿದೊಡನೆ ಅಂಕಿಯೊಂದನ್ನು ತೋರಿಸುವ ಟಿಡಿಎಸ್ ಮೀಟರು ಅದು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರುಗಳಿಂದ ಬರುವ ನಮ್ಮ ಕನ್ನಡದ ವರ್ತಕರು ಇತರ ಸಾಮಾನುಗಳೊಡನೆ ಇದನ್ನೂ ಕೊಂಡೊಯ್ಯುತ್ತಾರೆ. ಊರಿನ ಕೊಳವೆಬಾವಿಯ ನೀರಿಗೆ ಅದ್ದಿ, ಅಂಕಿ ಐನೂರರೊಳಗೆ ನಿಂತಿತೆಂದರೆ ನೀರು ನಿರ್ದೋಷವೆಂದು ನಿಶ್ಚಿಂತರಾಗುತ್ತಾರೆ. ಈ ನಂಬಿಕೆ ಪೇಟೆಯಲ್ಲಿ ಮಾತ್ರ ಉಳಿದಿದ್ದರೆ ಈ ಲೇಖನದ ಅಗತ್ಯವಿರುತ್ತಿರಲಿಲ್ಲ. ಗಣಿಗಳ ನೆರೆಯ ಗ್ರಾಮಗಳ ಯೋಗಕ್ಷೇಮವನ್ನು ಚರ್ಚಿಸುವ ವಿದ್ಯಾವಂತರೂ ಇದೇ ಮಾತನ್ನಾಡತೊಡಗಿರುವುದರಿಂದ, ಈ ಶಾಸ್ತ್ರವು ನಡೆದುಬಂದ ದಾರಿಯನ್ನು ಒಮ್ಮೆ ಪರ್ಯಾಲೋಚಿಸುವುದು ಕರ್ತವ್ಯವೆಂದು ನನಗೆ ತೋರಿದೆ.

ಮೊದಲು ಲೆಕ್ಕವನ್ನು ನೋಡೋಣ. ಐಎಸ್ 10500 ಎಂಬ ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಕರಗಿದ ಘನಪದಾರ್ಥಗಳ ಒಟ್ಟು ಮೊತ್ತಕ್ಕೆ, ಅಂದರೆ ಟಿಡಿಎಸ್‌ಗೆ, ಲೀಟರಿಗೆ 500 ಮಿಲಿಗ್ರಾಂಗಳನ್ನೂ ಆರ್ಸೆನಿಕ್ಕಿಗೆ ಲೀಟರಿಗೆ 0.01 ಮಿಲಿಗ್ರಾಮನ್ನೂ ಅಂಗೀಕಾರ್ಯ ಮಿತಿಯಾಗಿ ವಿಧಿಸಿದೆ. ಮಿತಿಗಿಂತ ಮೂವತ್ತು ಪಟ್ಟು ಅಧಿಕವಾದ ಆರ್ಸೆನಿಕ್ ಇರುವ ನೀರಿನಲ್ಲಿಯೂ ಅದರ ಪ್ರಮಾಣ ಲೀಟರಿಗೆ 0.3 ಮಿಲಿಗ್ರಾಂ ಮಾತ್ರ. ಮುನ್ನೂರು ನಾನೂರರ ಅಂಕಿಯನ್ನು ಆ ಅಲ್ಪಾಂಶವು ಒಂದರಷ್ಟೂ ಏರಿಸಲಾರದು. ಮೀಟರು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಉಪ್ಪಿನ ಅಂದಾಜು ಸಿಗುವುದೇ ಹೊರತು ವಿಷದ ಸುಳಿವು ಸಿಗುವುದಿಲ್ಲ. ಗಣಿಯ ನೆರೆಯ ನೀರನ್ನು ಅರಿಯುವುದಕ್ಕೆ ಒಂದು ಅಂಕಿ ಸಾಲದು, ಒಂದು ದಿನವೂ ಸಾಲದು; ಗಣಿ ತೆರೆಯುವ ಮುನ್ನ, ನಡೆಯುವಾಗ, ಮುಚ್ಚಿದ ಬಳಿಕ, ಅದರ ಮೇಲ್ಗಡೆ ಮತ್ತು ಕೆಳಗಡೆ, ಅದೇ ಬಾವಿಗಳಿಂದ ಅದೇ ವಿಧಾನದಲ್ಲಿ ತೆಗೆದ ಮಾದರಿಗಳ ಅವಿಚ್ಛಿನ್ನ ಪರಂಪರೆಯೊಂದು ಬೇಕು. ಈ ಶಾಸ್ತ್ರದ ಇತಿಹಾಸವೆಂದರೆ ಆ ಪರಂಪರೆ ಎಲ್ಲೆಲ್ಲಿ ಕೂಡಿಬಂದಿತು, ಎಲ್ಲೆಲ್ಲಿ ಕಡಿದುಹೋಯಿತು ಎಂಬುದರ ಇತಿಹಾಸವೇ ಆಗಿದೆ.

ಆದಿಕಾಲದ ವಿಚಾರವನ್ನು ಬೇಗನೆ ಮುಗಿಸಬಹುದು. ರಾಯಚೂರು ಸೀಮೆಯ ಹಟ್ಟಿಯಲ್ಲಿ ಚಿನ್ನವನ್ನು ತೆಗೆಯುತ್ತಿದ್ದ ಪುರಾತನ ಗಣಿಗಾರರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ಭೂಮಿಯೊಳಗೆ ಆರುನೂರು ಅಡಿಗಳಿಗೂ ಮಿಕ್ಕಿ ಇಳಿದಿದ್ದರೆಂಬುದಕ್ಕೆ ಅಲ್ಲಿ ದೊರೆತ ಮರದ ತೊಲೆಗಳೇ ಸಾಕ್ಷಿ; ಅವರು ಮೇಲಕ್ಕೆತ್ತಿ ಚೆಲ್ಲಿದ ನೀರು ಎಂಥದಿದ್ದಿತೆಂಬುದನ್ನು ಬಲ್ಲವರಿಲ್ಲ. ನಿಜಾಮರ ಸಂಸ್ಥಾನದಲ್ಲಿ, ಆಂಗ್ಲ ಬಂಡವಾಳದ ಕಂಪನಿಗಳು ಸಿಂಗರೇಣಿಯ ಕಲ್ಲಿದ್ದಲನ್ನೂ ಹಟ್ಟಿಯ ಚಿನ್ನವನ್ನೂ ತೆಗೆಯುತ್ತಿದ್ದ ಕಾಲದಲ್ಲಿ, ನೀರೆಂದರೆ ಗಣಿಯಿಂದ ಹೊರಹಾಕಬೇಕಾದ ಶತ್ರುವೆಂದೇ ಎಣಿಕೆಯಾಗಿತ್ತು. ಆದರೂ ಆ ಆಳ್ವಿಕೆಯ ಒಂದು ವ್ಯವಸ್ಥೆಯನ್ನು ಸ್ಮರಿಸದೆ ಮುಂದುವರಿಯುವುದು ನ್ಯಾಯವಲ್ಲ. ಕ್ಯಾಪ್ಟನ್ ಲಿಯೊನಾರ್ಡ್ ಮನ್ ಎಂಬ ಅಧಿಕಾರಿಯ ಕೈಕೆಳಗೆ ಸಂಸ್ಥಾನದ ಭೂವಿಜ್ಞಾನ ಸಮೀಕ್ಷೆಯೂ ಬಾವಿ ತೋಡಿಸುವ ಇಲಾಖೆಯೂ ಒಂದಾಗಿದ್ದವು. ಕುಡಿಯುವ ನೀರಿನ ಮೂಲಕ ತಗಲುವ ನಾರುಹುಣ್ಣಿನಿಂದ ನರಳುತ್ತಿದ್ದ ರಾಯಚೂರು ಸೀಮೆಯಲ್ಲಿ ಶಿಲೆಯನ್ನು ಬಲ್ಲವನೇ ಬಾವಿಯ ನೀರಿನ ಹೊಣೆಯನ್ನೂ ಹೊತ್ತಿದ್ದನು. ಮುಂದೆ ಗಣಿ ಒಂದು ಇಲಾಖೆಗೆ, ಅಂತರ್ಜಲ ಮತ್ತೊಂದಕ್ಕೆ, ಕುಡಿಯುವ ನೀರು ಮಗದೊಂದಕ್ಕೆ ಹಂಚಿಹೋದ ಮೇಲೆ ಅಂಥ ಐಕ್ಯವನ್ನು ನಾವು ಮರಳಿ ಕಂಡಿಲ್ಲ.

ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಸೀಮೆಯಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯವರು 1880ರಲ್ಲಿ ಕಾಲಿಟ್ಟರು. 1887ರಲ್ಲಿ ಗ್ಲಾಸ್ಗೋದಲ್ಲಿ ಪೇಟೆಂಟ್ ಪಡೆದ ಸಯನೈಡ್ ವಿಧಾನವು ಬಹುಬೇಗ ಅಲ್ಲಿಗೂ ಬಂದಿತು. ಅದಿರನ್ನು ಹಿಟ್ಟಿನಂತೆ ಅರೆದು, ಸಯನೈಡಿನ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿಕೊಂಡು, ಉಳಿದ ಬೂದುಬಣ್ಣದ ಪುಡಿಯನ್ನು ರಾಶಿ ಹಾಕುತ್ತ ಬಂದುದರ ಫಲವಾಗಿ, 2001ರ ಫೆಬ್ರವರಿ 28ರಂದು ಗಣಿ ಮುಚ್ಚುವಷ್ಟರಲ್ಲಿ ಮೂರು ಕೋಟಿ ಟನ್ನುಗಳಿಗೂ ಮಿಕ್ಕಿದ ಸಯನೈಡ್ ಗುಡ್ಡಗಳು ಪಾಲಾರ್ ನದಿಯ ಜಲಾನಯನದಲ್ಲಿ ನಿಂತಿದ್ದವು. ಆ ದೀರ್ಘಕಾಲದಲ್ಲಿ ಬೇತಮಂಗಲದ ಕೆರೆಯಿಂದ ನೀರನ್ನು ತಂದು ಗಣಿಯ ಪಟ್ಟಣಕ್ಕೆ ಉಣಿಸಿದ ಎಂಜಿನಿಯರರ ಶ್ರಮ ಶ್ಲಾಘ್ಯವಾದುದು. ಪಟ್ಟಣದಿಂದ ಹೊರಹೋಗುವ ನೀರಿನ ಕಡೆಗೆ ಅದೇ ಶ್ರದ್ಧೆ ತಿರುಗಲಿಲ್ಲ.

ಸ್ವಾತಂತ್ರ್ಯಾನಂತರದ ಹಂತವು ಸಂಸ್ಥೆಗಳ ಮತ್ತು ಕಾನೂನುಗಳ ಹಂತ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಿಂದ ಸ್ಥಾಪಿತವಾದ ಕಂಪನಿಯು ರಾಜ್ಯಗಳ ಪುನರ್ವಿಂಗಡಣೆಯಾದಾಗ ಹಟ್ಟಿ ಚಿನ್ನದ ಗಣಿ ಕಂಪನಿಯಾಯಿತು. 1961ರಲ್ಲಿ ಹೈದರಾಬಾದಿನಲ್ಲಿ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ, 1970ರಲ್ಲಿ ಕೇಂದ್ರ ಅಂತರ್ಜಲ ಮಂಡಳಿ, 1974ರಲ್ಲಿ ಜಲಮಾಲಿನ್ಯ ನಿವಾರಣಾ ಕಾಯಿದೆ ಹಾಗೂ ಅದೇ ವರ್ಷ ಕರ್ನಾಟಕದ ಮಾಲಿನ್ಯ ನಿಯಂತ್ರಣ ಮಂಡಳಿ ಉದಯಿಸಿದವು. ಅಂತರ್ಜಲ ಮಂಡಳಿಯು ದೇಶದುದ್ದಕ್ಕೂ ವೀಕ್ಷಣಾ ಬಾವಿಗಳನ್ನು ಗೊತ್ತುಮಾಡಿ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿಯೂ ಗುಣವನ್ನು ಮುಂಗಾರಿಗೆ ಮುನ್ನ ಒಂದು ಬಾರಿಯೂ ಅಳೆಯುವ ಪದ್ಧತಿಯನ್ನು ರೂಢಿಗೆ ತಂದಿತು. ದೇಶದ ಸಾಮಾನ್ಯ ಚಿತ್ರಕ್ಕೆ ಇದು ಮಹೋಪಕಾರಿ. ಗಣಿಯ ಬಾಗಿಲಲ್ಲಿ ಮಾತ್ರ ಇದು ಅಪರ್ಯಾಪ್ತ. ಬೇಸಗೆಯ ಕಡೆಯಲ್ಲಿ ತೆಗೆದ ಒಂದು ಮಾದರಿಯು, ಮೊದಲ ಮಳೆಗೆ ತ್ಯಾಜ್ಯದ ರಾಶಿಯಿಂದ ತೊಳೆದುಬರುವುದೇನೆಂಬುದನ್ನು ಹೇಳಲಾರದು. 1994ರ ಮತ್ತು 2006ರ ಪರಿಸರ ಪರಿಣಾಮ ಅಧಿಸೂಚನೆಗಳ ಕೆಳಗೆ ಹೊಸ ಗಣಿಗಳಿಗಾಗಿ ಸಿದ್ಧಪಡಿಸುವ ಪೂರ್ವಸ್ಥಿತಿಯ ವರದಿಗಳಲ್ಲಿಯೂ ಬಹುಮಟ್ಟಿಗೆ ಮಳೆಗಾಲವನ್ನು ಬಿಟ್ಟು ಒಂದೇ ಋತುವಿನ ಅಂಕಿಗಳು ಸಾಕೆನಿಸಿಕೊಂಡವು. ಹಳ್ಳಗಳು ಬತ್ತಿರುವ ಕಾಲವನ್ನೇ ಆರಿಸಿ ಹಳ್ಳಗಳ ನೀರನ್ನು ಪರೀಕ್ಷಿಸಿದಂತಾಯಿತು.

ಮೇಲ್ಮೈ ಜಲದ ವಿಷಯದಲ್ಲಿ ನಮ್ಮ ನಾಡಿಗೆ ಪಾಠ ಕಲಿಸಿದುದು ಕುದುರೆಮುಖ. ಇರಾನಿನ ನೆರವಿನ ಒಪ್ಪಂದದೊಡನೆ 1976ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿಯು, ಭದ್ರೆಯ ಮೇಲ್ಬಯಲಿನಲ್ಲಿ ಬೆಟ್ಟವನ್ನು ಅಗೆದು, ಲಖ್ಯಾ ಅಣೆಕಟ್ಟಿನ ಹಿಂದೆ ತ್ಯಾಜ್ಯದ ಕೆಸರನ್ನು ತುಂಬಿ, ಸಾಂದ್ರೀಕರಿಸಿದ ಅದಿರನ್ನು ಕೊಳವೆಯಲ್ಲಿ ಮಂಗಳೂರಿನ ತೀರಕ್ಕೆ ಹರಿಸುತ್ತಿತ್ತು. ನದಿಯ ನೀರನ್ನು ನಿಯತ ದಿನಗಳಲ್ಲಿ ಸೀಸೆಗೆ ತುಂಬಿ ಪರೀಕ್ಷಿಸುವವರಿಗೆ ಅಲ್ಲಿ ಹೆಚ್ಚಿನ ದೋಷ ಕಾಣುವಂತಿರಲಿಲ್ಲ. ನದಿಯು ವರ್ಷದ ಕೆಸರಿನ ಬಹುಭಾಗವನ್ನು ಕೆಲವೇ ಮಹಾವೃಷ್ಟಿಯ ದಿನಗಳಲ್ಲಿ ಹೊತ್ತೊಯ್ಯುವುದರಿಂದ, ಆ ದಿನಗಳಲ್ಲಿ ಸೇತುವೆಯ ಮೇಲೆ ನಿಂತು ಅಳೆಯದವನಿಗೆ ನದಿಯ ಸತ್ಯ ತಿಳಿಯದು. ಜಗದೀಶ್ ಕೃಷ್ಣಸ್ವಾಮಿಯವರೂ ಅವರ ಸಹೋದ್ಯೋಗಿಗಳೂ ಮಳೆ, ಪ್ರವಾಹ ಮತ್ತು ತೇಲುಕೆಸರುಗಳ ಸಂಬಂಧವನ್ನು ಕೂಲಂಕಷವಾಗಿ ವಿಶ್ಲೇಷಿಸಿ, ಜಲಾನಯನದ ಅತ್ಯಲ್ಪ ಭಾಗವನ್ನು ಮಾತ್ರ ಆಕ್ರಮಿಸಿದ ಗಣಿಪ್ರದೇಶವು ಕೆಸರಿನಲ್ಲಿ ಬಹುದೊಡ್ಡ ಪಾಲನ್ನು ಕೊಡುತ್ತಿದೆಯೆಂದು ತೋರಿಸಿಕೊಟ್ಟರು. ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಗಣಿಯ ನೆರೆಯ ಹೊಳೆಯನ್ನು ಪಂಚಾಂಗ ನೋಡಿ ಅಳೆಯಬಾರದು, ಮೋಡವನ್ನು ನೋಡಿ ಅಳೆಯಬೇಕು ಎಂಬುದು ಕುದುರೆಮುಖವು ಕೊಟ್ಟ ಸೂತ್ರ. ಅದನ್ನು ನಮ್ಮ ಅಧಿಕೃತ ಪದ್ಧತಿಗಳು ಇಂದಿಗೂ ಮನಸಾರೆ ಅಂಗೀಕರಿಸಿಲ್ಲ. ಸಂಡೂರು ಬಳ್ಳಾರಿಗಳ ಗಣಿಗಳನ್ನು ನ್ಯಾಯಾಲಯವು 2011ರಲ್ಲಿ ನಿಲ್ಲಿಸಿ 2013ರ ಏಪ್ರಿಲಿನಲ್ಲಿ ನಿಬಂಧನೆಗಳೊಡನೆ ತೆರೆಯಗೊಟ್ಟಾಗ, ಪುನಶ್ಚೇತನದ ಯೋಜನೆಗಳಲ್ಲಿ ತಡೆಗೋಡೆಗಳೂ ಹೂಳುಗುಂಡಿಗಳೂ ಧಾರಾಳವಾಗಿ ಸೇರಿದವು. ಆ ತಡೆಗಳ ಕೆಳಗೆ ನಾರಿಹಳ್ಳಕ್ಕೆ ಇಳಿಯುವ ಕೆಮ್ಮಣ್ಣನ್ನು ಮಳೆಮಳೆಗೂ ತೂಗಿ ನೋಡುವ ಕಾರ್ಯಕ್ಕೆ ಅಷ್ಟೇ ಪ್ರಾಧಾನ್ಯ ದೊರೆಯಬೇಕಾಗಿತ್ತೆಂಬುದು ನನ್ನ ದೃಢವಾದ ಅಭಿಪ್ರಾಯ.

ಇನ್ನು ನಮ್ಮ ತಲೆಮಾರಿನ ವಿಷಯ. ಇಲ್ಲಿ ಕೊಂಚ ವಿಸ್ತರಿಸಲು ಓದುಗರ ಅನುಮತಿಯನ್ನು ಬೇಡುತ್ತೇನೆ. ನಾವು ವೃತ್ತಿಗೆ ಬಂದಾಗ ಮಾದರಿಗಳು ಕೈಗೆ ಸಿಕ್ಕ ಪಾತ್ರೆಗಳಲ್ಲಿ ಬರುತ್ತಿದ್ದವು. ಹಿತ್ತಾಳೆಯ ತಂಬಿಗೆಯಲ್ಲಿ ಸೇದಿದ ನೀರು ತಾಮ್ರ ಸತುಗಳನ್ನು ಪಾತ್ರೆಯಿಂದಲೇ ಪಡೆದುಕೊಳ್ಳಬಲ್ಲುದು. ಶೋಧಿಸದೆ, ಆಮ್ಲ ಬೆರೆಸದೆ ಇರಿಸಿದ ಸೀಸೆಯಲ್ಲಿ ಕಬ್ಬಿಣವು ತುಕ್ಕಾಗಿ ತಳಕ್ಕಿಳಿದು ತನ್ನೊಡನೆ ಆರ್ಸೆನಿಕ್ಕನ್ನೂ ಸೆಳೆದುಕೊಳ್ಳುವುದರಿಂದ, ಪ್ರಯೋಗಶಾಲೆಗೆ ತಲಪುವಷ್ಟರಲ್ಲಿ ವಿಷದ ನೀರು ನಿರ್ವಿಷವಾಗಿ ಕಾಣುವುದುಂಟು. ಆದುದರಿಂದ ನಾವು ಬೇಗಂ ಬಜಾರಿನಿಂದ ಪ್ಲಾಸ್ಟಿಕ್ ಸೀಸೆಗಳನ್ನು ಕೊಂಡು, ಆಮ್ಲದಲ್ಲಿ ನೆನೆಯಿಟ್ಟು ತೊಳೆದು, ಬಾವಿಯ ಬಳಿಯಲ್ಲಿಯೇ 0.45 ಮೈಕ್ರಾನಿನ ಶೋಧಕದಿಂದ ಸೋಸಿ, ನೈಟ್ರಿಕ್ ಆಮ್ಲವನ್ನು ಬೆರೆಸಿ ಪಿಎಚ್ ಎರಡಕ್ಕಿಂತ ಕೆಳಗಿಳಿಸಿ, ಸೋಸದ ಮಾದರಿಯೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳುವುದನ್ನು ಕಲಿತೆವು. ಕೊಳವೆಬಾವಿಯನ್ನು ಕೆಲಕಾಲ ಓಡಿಸಿ ಕೊಳವೆಯೊಳಗೆ ನಿಂತ ನೀರನ್ನು ಹೊರಹಾಕುವುದು, ಶುದ್ಧಜಲದ ಸೀಸೆಯೊಂದನ್ನು ಹೊರಗೆ ಕೊಂಡೊಯ್ದು ಮರಳಿ ತಂದು ಅದನ್ನೂ ಪರೀಕ್ಷಿಸುವುದು, ಧನ ಮತ್ತು ಋಣ ಅಯಾನುಗಳ ಮೊತ್ತಗಳು ಶೇಕಡ ಐದರೊಳಗೆ ಸರಿತೂಗದಿದ್ದರೆ ಆ ವಿಶ್ಲೇಷಣೆಯನ್ನು ತಿರಸ್ಕರಿಸುವುದು, ಇವು ಕ್ರಮೇಣ ನಿಯಮಗಳಾದವು. ಆಸ್ಟ್ರೇಲಿಯದ ಅಲನ್ ವಾಲ್ಶ್ 1955ರಲ್ಲಿ ಪ್ರಕಟಿಸಿದ ಪರಮಾಣು ಶೋಷಣದ ತಂತ್ರವೂ, 1980ರ ದಶಕದಿಂದ ಹಬ್ಬಿದ ಐಸಿಪಿ ದ್ರವ್ಯರಾಶಿ ರೋಹಿತಮಾಪಕವೂ ನಮಗೆ ಲೀಟರಿನಲ್ಲಿ ಮೈಕ್ರೋಗ್ರಾಮಿನ ಅಂಶವನ್ನು ಕಾಣುವ ಕಣ್ಣನ್ನು ಕೊಟ್ಟವು. ಯಂತ್ರಗಳ ಹಿರಿಮೆಯನ್ನು ಎಲ್ಲರೂ ಹೊಗಳುತ್ತಾರೆ. ಯಂತ್ರಕ್ಕೆ ಯೋಗ್ಯವಾದ ಸೀಸೆಯನ್ನು ಒದಗಿಸಿದ ಕ್ಷೇತ್ರ ಸಹಾಯಕರ ಹೆಸರುಗಳು ಯಾವ ಪ್ರಬಂಧದಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ.

ಇದೇ ಕಾಲದಲ್ಲಿ ಹೈದರಾಬಾದಿನ ಪಾಠಶಾಲೆಯಿಂದ ಹೊಮ್ಮಿದ ಮತ್ತೊಂದು ಜ್ಞಾನವನ್ನು ನಾನು ಇನ್ನೂ ಮಹತ್ತರವಾದುದೆಂದು ಬಗೆಯುತ್ತೇನೆ. ಭೂಭೌತ ಸಂಸ್ಥೆಯ ಆವರಣದಲ್ಲಿ ಸ್ಥಾಪಿತವಾದ ಭಾರತ ಫ್ರಾನ್ಸ್ ಅಂತರ್ಜಲ ಸಂಶೋಧನಾ ಕೇಂದ್ರದಲ್ಲಿ ಶಕೀಲ್ ಅಹ್ಮದ್, ಮಾರೆಶಾಲ್, ದ್ವಾಂದೆಲ್ ಮುಂತಾದವರು ನಗರದ ದಕ್ಷಿಣಕ್ಕಿರುವ ಮಹೇಶ್ವರಮ್ ಜಲಾನಯನವನ್ನು ವರ್ಷಗಟ್ಟಲೆ ಅಭ್ಯಸಿಸಿ, ನಮ್ಮ ಗ್ರಾನೈಟಿನಲ್ಲಿ ಮೇಲೆ ಶಿಥಿಲಶಿಲೆಯ ಪದರ, ಅದರಡಿಯಲ್ಲಿ ಬಿರುಕುಗಳ ಪದರ, ಅದಕ್ಕೂ ಕೆಳಗೆ ಅಖಂಡಶಿಲೆ ಎಂಬ ಕ್ರಮವನ್ನೂ, ಅತಿಯಾದ ಎತ್ತುವಿಕೆಯಿಂದ ಮೇಲ್ಪದರ ಬರಿದಾಗಿ ಕೊಳವೆಬಾವಿಗಳು ಬಿರುಕುಗಳ ನೀರನ್ನೇ ನೆಚ್ಚುವಂತಾದುದನ್ನೂ ಸ್ಪಷ್ಟಪಡಿಸಿದರು. ಗಣಿಯ ನೆರೆಯಲ್ಲಿ ಈ ಜ್ಞಾನಕ್ಕೆ ನೇರವಾದ ಉಪಯೋಗವುಂಟು. ತ್ಯಾಜ್ಯದ ರಾಶಿಯಿಂದ ಇಳಿದ ನೀರು ಮರಳಿನಲ್ಲಿ ಹರಡುವಂತೆ ಎಲ್ಲ ಕಡೆಗೂ ಸಮನಾಗಿ ಹರಡದೆ ಬಿರುಕಿನ ಜಾಡು ಹಿಡಿಯುವುದರಿಂದ, ರಾಶಿಯ ಬುಡದ ಬಾವಿ ನಿರ್ಮಲವಾಗಿದ್ದು ದೂರದ ಬಾವಿ ಕೆಡಬಹುದು; ಶಾಫ್ಟಿನಿಂದ ನೀರೆತ್ತುವಷ್ಟು ಕಾಲ ಸುತ್ತಲಿನ ಅಂತರ್ಜಲವು ಗಣಿಯ ಕಡೆಗೇ ಹರಿದು, ಗಣಿ ಮುಚ್ಚಿ ಪಂಪು ನಿಂತ ಬಳಿಕ ಮಟ್ಟವು ಮೇಲೇರಿ, ಆವರೆಗೆ ಗಾಳಿ ತಾಗಿದ ಗೋಡೆಗಳನ್ನು ತೊಳೆದುಕೊಂಡು ಹೊರಹರಿಯಬಹುದು. ನೀರನ್ನು ಅಳೆಯುವ ಅತ್ಯಂತ ಅಗತ್ಯವಾದ ಕಾಲವು ಗಣಿಯ ಕಚೇರಿಗೆ ಬೀಗ ಬಿದ್ದ ಮೇಲೆ ಪ್ರಾರಂಭವಾಗುತ್ತದೆ.

ಈ ಕ್ರಮದ ಆದರ್ಶಕ್ಕೆ ಸಮೀಪವಾದ ಕಾರ್ಯವು ಯುರೇನಿಯಮಿನ ಪ್ರಸ್ತಾಪಗಳ ಸುತ್ತ ನಡೆದಿದೆ. ಅಣ್ಣಾ ವಿಶ್ವವಿದ್ಯಾಲಯದ ಎಲ್. ಇಳಂಗೊ ಅವರ ಶಿಷ್ಯವರ್ಗವು ನಲ್ಗೊಂಡ ಜಿಲ್ಲೆಯಲ್ಲಿ, ಗಣಿ ತೆರೆಯುವ ಮುನ್ನವೇ, ಬಾವಿಗಳ ಜಾಲವೊಂದನ್ನು ಎರಡು ತಿಂಗಳಿಗೊಮ್ಮೆ ಪರೀಕ್ಷಿಸಿ, ನೀರಿನ ಯುರೇನಿಯಮ್ ಶಿಲೆಗೆ ತಕ್ಕಂತೆಯೂ ಋತುವಿಗೆ ತಕ್ಕಂತೆಯೂ ವ್ಯತ್ಯಾಸ ಹೊಂದುವುದನ್ನು ದಾಖಲಿಸಿತು. ಯಾದಗಿರಿ ಜಿಲ್ಲೆಯ ಗೋಗಿಯ ಸುತ್ತಲೂ ಮೇಲ್ಮೈ ಜಲ ಮತ್ತು ಅಂತರ್ಜಲಗಳ ಪರಸ್ಪರ ಸಂಬಂಧವನ್ನು ಇದೇ ಪಂಥದವರು ಅಭ್ಯಸಿಸಿದರು. ನಾಳೆ ಅಲ್ಲಿ ಗಣಿ ಬಂದರೂ ಬಾರದಿದ್ದರೂ, ಈ ಅಂಕಿಗಳಿಗೆ ಬೆಲೆ ಕಟ್ಟಲಾಗದು. ಯುರೇನಿಯಮಿಗೆ ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎಂದು ಸೂಚಿಸಿದ ಮಿತಿಯು ನಮ್ಮ ಮಾನಕವನ್ನು ಪ್ರವೇಶಿಸಿದುದು ಅದಕ್ಕೂ ಒಂದು ದಶಕ ತಡವಾಗಿ ಎಂಬುದನ್ನು ನೆನೆದರೆ, ಈ ವಿದ್ವಾಂಸರ ದೂರದೃಷ್ಟಿ ಇನ್ನಷ್ಟು ಗೌರವಾರ್ಹವೆನಿಸುತ್ತದೆ.

ಅಂಥ ಪೂರ್ವದಾಖಲೆ ಇಲ್ಲದೆಡೆ ಏನಾಗುತ್ತದೆಂಬುದಕ್ಕೆ ಸುರಪುರ ಸೀಮೆಯ ಕಿರದಳ್ಳಿ ತಾಂಡಾ ನಿದರ್ಶನ. ಮಂಗಳೂರು (ಕರಾವಳಿಯ ನಗರವಲ್ಲ) ಎಂಬ ಅಲ್ಲಿಯ ಹಸುರುಶಿಲಾ ಪಟ್ಟಿಯಲ್ಲಿ ಹಿಂದೆ ಚಿನ್ನದ ಗಣಿಗಾರಿಕೆ ನಡೆದು ನಿಂತುಹೋಗಿತ್ತು. ಜಾದವಪುರ ವಿಶ್ವವಿದ್ಯಾಲಯದ ದೀಪಂಕರ ಚಕ್ರವರ್ತಿಯವರೂ ಸಹಚರರೂ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರೀಕ್ಷಿಸಿದ 59 ಕೊಳವೆಬಾವಿಗಳ ಪೈಕಿ ಶೇಕಡ 79ರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. ಗರಿಷ್ಠ ಪ್ರಮಾಣ 303 ಮೈಕ್ರೋಗ್ರಾಂ. ತಪಾಸಣೆಗೊಳಗಾದ 181 ಜನರಲ್ಲಿ ಶೇಕಡ 58.6ರಷ್ಟು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಗುರುತುಗಳಿದ್ದವು. ಮೇಲ್ಮಣ್ಣಿನ ಹನ್ನೆರಡು ಮಾದರಿಗಳಲ್ಲಿ ಆರರಲ್ಲಿ ಕಿಲೋಗ್ರಾಮಿಗೆ 2000 ಮಿಲಿಗ್ರಾಮಿಗೂ ಮಿಕ್ಕಿದ ಆರ್ಸೆನಿಕ್ ಇದ್ದುದು ಗಣಿತ್ಯಾಜ್ಯದ ಕಡೆಗೆ ಬೆರಳು ತೋರಿಸುತ್ತದೆಂದು ಅವರು ಸೂಚಿಸಿದರು. ಇಷ್ಟಾದರೂ ಬಹುಮಂದಿ ಇದು ಶಿಲೆಯಲ್ಲಿಯೇ ಇರುವ ಧಾತು, ಪ್ರಕೃತಿಯ ಕೊಡುಗೆ, ಇದಕ್ಕೆ ಯಾರೂ ಹೊಣೆಯಲ್ಲ ಎಂದು ವಿಚಾರವನ್ನು ಮುಗಿಸಿಬಿಡುತ್ತಾರೆ.

ಈ ವಾದದಲ್ಲಿ ಅರ್ಧ ಸತ್ಯವಿದೆ. ಅದರಿಂದಲೇ ಅದು ಅಪಾಯಕಾರಿಯಾಗಿದೆ. ಚಿನ್ನದೊಡನೆ ಆರ್ಸೆನೊಪೈರೈಟ್ ಎಂಬ ಕಬ್ಬಿಣ, ಆರ್ಸೆನಿಕ್, ಗಂಧಕಗಳ ಖನಿಜವು ಸಹಜವಾಗಿಯೇ ಇರುತ್ತದೆ. ಆದರೆ ಶಿಲೆಯ ಗರ್ಭದಲ್ಲಿ ಗಾಳಿ ಸೋಕದೆ ಇರುವ ಖನಿಜವೇ ಬೇರೆ. ಅದನ್ನೇ ಅರೆದು, ಮೇಲ್ಮೈಯನ್ನು ಸಹಸ್ರಗುಣ ಹೆಚ್ಚಿಸಿ, ಬಿಸಿಲು ಮಳೆಗಳಿಗೆ ಒಡ್ಡಿ ರಾಶಿ ಹಾಕಿದಾಗಿನ ಪರಿಯೇ ಬೇರೆ. ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಗಂಧಕದ ಖನಿಜಗಳು ಉತ್ಕರ್ಷಣಗೊಂಡರೆ ಆಮ್ಲ ಹುಟ್ಟಬೇಕೆಂದೂ, ಕೆಂಪಾದ ಹುಳಿನೀರು ಕಂಡಾಗ ಮಾತ್ರ ಗಣಿಯ ದೋಷವೆಂದೂ ಪಾಶ್ಚಾತ್ಯ ಗ್ರಂಥಗಳನ್ನೋದಿದ ನಮ್ಮವರು ನಿರೀಕ್ಷಿಸಿದರು. ಹಸುರುಶಿಲೆಗಳಲ್ಲಿರುವ ಕಾರ್ಬೊನೇಟುಗಳು ಆ ಆಮ್ಲವನ್ನು ನುಂಗಿಬಿಡುವುದರಿಂದ ನೀರು ತಿಳಿಯಾಗಿಯೇ ಉಳಿದು, ತಾಮ್ರ ಕಬ್ಬಿಣಗಳು ತಳಕ್ಕಿಳಿದರೂ, ಕ್ಷಾರಜಲದಲ್ಲಿ ಆರ್ಸೆನಿಕ್ ಕರಗಿಯೇ ಇರುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವಾಸನೆಯಿಲ್ಲ. ಶಿಲೆಯ ಪಾಲೆಷ್ಟು, ಗಣಿಯ ಪಾಲೆಷ್ಟು ಎಂಬುದನ್ನು ಬೇರ್ಪಡಿಸಬಲ್ಲುದು ಗಣಿಗೆ ಮುಂಚಿನ ದಾಖಲೆ, ಅದು ಇಲ್ಲವಾದರೆ ಅದೇ ಶಿಲೆಯಲ್ಲಿದ್ದು ಗಣಿಯ ಪ್ರಭಾವಕ್ಕೆ ಸಿಲುಕದ ಹೋಲಿಕೆಯ ಬಾವಿ. ಎರಡನ್ನೂ ಸಂಗ್ರಹಿಸದೆ ಬಿಟ್ಟು, ಸಂಶಯದ ಫಲವನ್ನು ಸದಾ ಗಣಿಗೇ ಕೊಡುವುದು ಯಾವ ನ್ಯಾಯ? ದಾಖಲೆಯ ಅಭಾವವು ಗ್ರಾಮಸ್ಥರು ಮಾಡಿದ ಅಪರಾಧವಲ್ಲ.

ಇತ್ತೀಚಿನ ಒಲವುಗಳ ಬಗ್ಗೆ ಎರಡು ಮಾತು. 1965ರಲ್ಲಿ ಹಾರ್ಟನ್ ಪ್ರತಿಪಾದಿಸಿದ ಜಲಗುಣ ಸೂಚ್ಯಂಕವು ಈಗ ವಿಶ್ವವಿದ್ಯಾಲಯಗಳ ನಿತ್ಯಪಾಠವಾಗಿದೆ. ಹತ್ತಾರು ಗುಣಗಳನ್ನು ಒಂದೇ ಅಂಕಿಗೆ ಇಳಿಸಿ ನೀರು ಉತ್ತಮ, ಮಧ್ಯಮ, ಅಧಮವೆಂದು ವರ್ಗೀಕರಿಸುವಾಗ, ಆರ್ಸೆನಿಕ್ಕನ್ನು ಅಳೆಯದೆಯೇ ಉತ್ತಮವೆಂಬ ಬಿರುದನ್ನು ದಯಪಾಲಿಸುವುದು ಸಾಧ್ಯವಾಗಿದೆ. ಒಮ್ಮೆ ತೆಗೆದ ಕೆಲವು ಮಾದರಿಗಳಿಂದ ಗಣಕದ ಮೂಲಕ ಬಣ್ಣಬಣ್ಣದ ನಕ್ಷೆ ಬರೆದು, ಬಿರುಕುಗಳಿಂದಲೂ ಅಡ್ಡಗೋಡೆಯಂಥ ಡೈಕುಗಳಿಂದಲೂ ಖಂಡಖಂಡವಾದ ಶಿಲೆಯಲ್ಲಿ ನಡುವಣ ಮೌಲ್ಯಗಳನ್ನು ಊಹಿಸುವುದೂ ಅಷ್ಟೇ ಸಂದೇಹಾಸ್ಪದ. ನಿರಂತರ ಸಂವೇದಕಗಳನ್ನು ನಾನು ಸ್ವಾಗತಿಸುತ್ತೇನೆ. ಪಿಎಚ್, ವಾಹಕತೆ, ಕದಡುಗಳಲ್ಲಿ ಕ್ಷಣಕ್ಷಣಕ್ಕೂ ಆಗುವ ಏರಿಳಿತವನ್ನು ತಿಳಿಸಿ, ಮಾದರಿ ತೆಗೆಯಬೇಕಾದ ಗಳಿಗೆಯನ್ನು ಅವು ಸೂಚಿಸಬಲ್ಲವು. ಪ್ರಯೋಗಶಾಲೆಯ ಸ್ಥಾನವನ್ನೇ ಅವುಗಳಿಗೆ ಕೊಟ್ಟರೆ ಬೇಗಂ ಬಜಾರಿನ ಮೀಟರಿನ ಭ್ರಾಂತಿಯೇ ದೊಡ್ಡ ವೆಚ್ಚದಲ್ಲಿ ಪುನರಾವರ್ತಿತವಾಗುತ್ತದೆ.

ಕೊರತೆಗಳು ಇನ್ನೂ ಹಲವು. ಕೇಂದ್ರ ಅಂತರ್ಜಲ ಮಂಡಳಿಯ ಪಟ್ಟಿಗಳಲ್ಲಿ ಆರ್ಸೆನಿಕ್ ಪೀಡಿತ ಜಿಲ್ಲೆಗಳೆಂದು ಕರ್ನಾಟಕದ ರಾಯಚೂರು, ಯಾದಗಿರಿಗಳ ಹೆಸರುಗಳಿವೆ. ಜಿಲ್ಲೆಯ ಹೆಸರಿನಿಂದ ತಾಂಡಾದ ತಾಯಿಗೆ ಪ್ರಯೋಜನವಿಲ್ಲ, ಆಕೆಗೆ ತನ್ನ ಬಾವಿಯ ಅಂಕಿ ಬೇಕು. ಊರೂರಿಗೆ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದಿವೆ. ಅವು ಕೊಡದೊಳಗಿನ ನೀರನ್ನು ಕಾಯಬಲ್ಲವು, ದನ ಕುಡಿಯುವ ತೊಟ್ಟಿಯನ್ನೂ ಜೋಳಕ್ಕೆ ಹಾಯಿಸುವ ನೀರನ್ನೂ ಕಾಯಲಾರವು. ಸಯನೈಡಿನ ಮುಕ್ತರೂಪವು ಬಿಸಿಲಿಗೆ ಬೇಗನೆ ನಾಶವಾಗುವುದೆಂಬ ಸಮಾಧಾನದಲ್ಲಿ ಲೋಹಬದ್ಧವಾದ ಅದರ ರೂಪಗಳನ್ನು ಅಳೆಯದೆ ಬಿಡುವ ರೂಢಿ ತೊಲಗಬೇಕು. ಗಣಿಯ ಅನುಮತಿಯ ಅವಧಿಗೆ ಪರಿವೀಕ್ಷಣೆಯನ್ನು ಕಟ್ಟಿಹಾಕದೆ, ಮುಚ್ಚಿದ ಬಳಿಕವೂ ದಶಕಗಳ ಕಾಲ ಅದರ ವೆಚ್ಚ ಸಲ್ಲುವಂತೆ ಆರಂಭದಲ್ಲಿಯೇ ಹಣವನ್ನು ಮೀಸಲಿಡತಕ್ಕದ್ದು. ಮತ್ತು ಫಲಿತಾಂಶವನ್ನು ಆಂಗ್ಲದ ವರದಿಗಳಲ್ಲಿ ಹೂತಿಡದೆ ಕನ್ನಡದಲ್ಲಿ ಪಂಚಾಯತಿಯ ಗೋಡೆಯ ಮೇಲೆ, ಬಾವಿಯ ಹೆಸರು, ತಾರೀಖು, ಪ್ರಮಾಣ, ಮಿತಿಗಳೊಡನೆ ಬರೆಯಿಸತಕ್ಕದ್ದು. ಆ ಅಂಕಿಗಳ ಪ್ರಥಮ ಹಕ್ಕುದಾರರು ಆ ನೀರನ್ನು ಕುಡಿಯುವವರು.

ಈ ಶಾಸ್ತ್ರಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಪ್ರಾರ್ಥನೆ. ಸೂಚ್ಯಂಕಗಳೂ ನಕ್ಷೆಗಳೂ ಈಗಾಗಲೇ ಬೇಕಾದಷ್ಟಿವೆ. ಹಟ್ಟಿಯ ಸುತ್ತಲೋ ಸುರಪುರದ ತಾಂಡಾಗಳಲ್ಲೋ ಕೋಲಾರದ ದಿಬ್ಬಗಳ ಬುಡದಲ್ಲೋ ಹತ್ತು ಬಾವಿಗಳನ್ನೂ ಎರಡು ಹಳ್ಳಗಳನ್ನೂ ಆರಿಸಿಕೊಂಡು, ಹೋಲಿಕೆಗೆ ಗಣಿಯಿಂದಾಚೆ ಮತ್ತೆ ಕೆಲವು ಬಾವಿಗಳನ್ನಿಟ್ಟುಕೊಂಡು, ಬೇಸಗೆ ಮಳೆಗಾಲಗಳೆನ್ನದೆ ಹತ್ತು ವರ್ಷ ಬಿಡದೆ ಅಳೆಯಿರಿ. ಅನುದಾನ ಮುಗಿದರೂ ಅಳೆಯಿರಿ, ಗಣಿ ಮುಚ್ಚಿದರೂ ಅಳೆಯಿರಿ. ಪ್ರಕೃತಿಯ ಪಾಲನ್ನೂ ಮನುಷ್ಯನ ಪಾಲನ್ನೂ ಬೇರ್ಪಡಿಸಿ ನ್ಯಾಯಸಭೆಯ ಮುಂದಿಡುವ ಸಾಮರ್ಥ್ಯ ಅಂಥ ಒಂದು ದಾಖಲೆಗೆ ಉಂಟು, ಮತ್ತಾವುದಕ್ಕೂ ಇಲ್ಲ.